ಬೆಳಕಿದ್ದಾಗ ಸೋಫಾ

ನಮ್ಮ ಊರಿನಲ್ಲಿ ಹಾಸಿಗೆಗೆ ಕಾನೂನಿದೆ. ಒಂದೇ ಸೂರಿನಡಿ ಇಷ್ಟಕ್ಕಿಂತ ಹೆಚ್ಚು ಹಾಸಿಗೆ, ಸೋಫಾ, ಮೆತ್ತೆಯ ಕುರ್ಚಿ ಸೇರಿದರೆ ಮೇಲೆ ನೀರಿನ ಕೊಳವೆ ಎಳೆಯಬೇಕು. ಬಿಸಿ ತಗುಲಿದ ಕೂಡಲೇ ಒಡೆದು ನೀರು ಸುರಿಸುವ ಗಾಜಿನ ಮೂತಿಗಳನ್ನು ಸೂರಿಗೆ ಕೂರಿಸಬೇಕು. ಓಣಿ ಇಷ್ಟು ಅಗಲ ಇರಬೇಕು, ಓಣಿಯ ಕೊನೆಯ ಬಾಗಿಲ ಮೇಲೆ ಹಸಿರು ದೀಪ ಆರದೆ ಉರಿಯಬೇಕು. ಇಷ್ಟೆಲ್ಲ ಹಾಸಿಗೆಗೆ. ಹಾಸಿಗೆಯ ಮೇಲೆ ಮಲಗುವವರು ಎಲ್ಲಿ ಮಲಗಬೇಕು ಎಂದು ಅದೇ ಕಾನೂನನ್ನು ಕೇಳಿದರೆ, ಎಲ್ಲಿ ಮಲಗಬಾರದು ಎಂದು ಮಾತ್ರ ಹೇಳುತ್ತದೆ.

ಪೇಟೆಯ ಮಧ್ಯದ ದೊಡ್ಡ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ದೂರದ ಯಾವುದೋ ಕಂಪನಿ ಆ ಕಟ್ಟಡ ಕೊಂಡು, ಒಳಗೆ ತಗಡಿನ ಗೋಡೆಗಳನ್ನೆಬ್ಬಿಸಿ, ಒಂದೊಂದಕ್ಕೂ ಶಟರ್ ಬಾಗಿಲು ಹಾಕಿ, ಸಾಮಾನಿಡುವ ನೂರಾರು ಖಾನೆಗಳನ್ನು ಮಾಡಿತು. ಬಾಡಿಗೆ ಕೊಟ್ಟವರು ತಮ್ಮದೇ ಬೀಗ ಜಡಿದು ತಮ್ಮ ಸಾಮಾನು ಇಡಬಹುದು. ಟೊಮೇಟೊ ಕಾರ್ಖಾನೆ ಮುಚ್ಚಿದ ವರ್ಷ ಖಾನೆಗಳು ಅರ್ಧ ತುಂಬಿದವು. ಕರಾವಳಿಯ ದುಡ್ಡಿನವರು ಮನೆ ಕೊಳ್ಳಲು ನಮ್ಮ ಕಣಿವೆಗೆ ಇಳಿದ ವರ್ಷ ಪೂರ್ತಿ ತುಂಬಿದವು. ಊರಿನ ಅರ್ಧ ಮನೆಗಳು ಈಗ ಅಲ್ಲಿವೆ: ಮಂಚ, ತೊಟ್ಟಿಲು, ಮದುವೆಯ ಫೋಟೊ, ಸತ್ತವರ ಕೋಟು. ಆ ಮನೆಗಳ ಜನ ಕಾರುಗಳಲ್ಲಿ, ನದಿ ದಂಡೆಯ ಟೆಂಟುಗಳಲ್ಲಿ. ಕಣಿವೆಯ ಬೇಸಿಗೆಗೆ ಪಿಯಾನೋಗಳ ಮರ ಬಿರಿಯಬಾರದೆಂದು ಕಟ್ಟಡಕ್ಕೆಲ್ಲ ಏಸಿ ಹಾಕಿದ್ದಾರೆ. ಟೆಂಟಿನಲ್ಲಿ ಬಿರಿಯುವುದು ಪಿಯಾನೋ ಅಲ್ಲವಲ್ಲ, ಅದಕ್ಕೆ ಏಸಿ ಬೇಡ.

ನನಗೂ ಅಲ್ಲೊಂದು ಖಾನೆ ಇದೆ. ಹಳೆಯ ದೀಪ, ಕುರ್ಚಿ, ತಟ್ಟೆಗಳನ್ನು ತುಂಬಿಟ್ಟುಕೊಂಡು ಶನಿವಾರದ ಸಂತೆಯಲ್ಲಿ ಮಾರುತ್ತೇನೆ. ಎದುರು ಖಾನೆ ಲವಾನ್ ಟಾಲಿವರ್‌ಳದು. ಬ್ರೆಡ್ ಕಾರ್ಖಾನೆಯಲ್ಲಿ ಓವನ್ನಿನ ಮುಂದೆ ನಿಲ್ಲುವವಳು. ಅವಳ ಖಾನೆಯಲ್ಲಿ ಮಂಚವಿತ್ತು, ಪೆಟ್ಟಿಗೆಗಳಿದ್ದವು, ಕೈಯಿರುವ ಒಂದು ದೊಡ್ಡ ಕುರ್ಚಿ ಇತ್ತು. ಕುರ್ಚಿಯ ಮೇಲೆ ಅವಳ ಅಮ್ಮ ಮಿಸ್ ಅರ್ನೆಸ್ಟೀನ್ ಇದ್ದರು.

ತಾಯಿ ಮಗಳು ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಮುದುಕಿಗೆ ಮಂಡಿ ಹಿಡಿದಿತ್ತು. ಬೆಳಗಾದರೆ ಎಲ್ಲರನ್ನೂ ಬೀದಿಗೆ ಕಳಿಸಿ ಸಂಜೆ ಮತ್ತೆ ಒಳಗೆ ಬಿಡುವ ಆಶ್ರಯಮನೆ ಅವರ ಕಾಲಿಗೆ ಆಗುತ್ತಿರಲಿಲ್ಲ. ಊರು ಬಿಟ್ಟು ಹೋಗುವಂತೆಯೂ ಇರಲಿಲ್ಲ. ಮ್ಯಾಗ್ನೋಲಿಯಾ ಕೋರ್ಟ್ ಎಂದು ಕೌಂಟಿ, ಅಂದರೆ ಜಿಲ್ಲೆಯ, ಸರ್ಕಾರ ಮುದುಕರಿಗಾಗಿ ಕಟ್ಟಿಸಿದ ವಠಾರವೊಂದಿದೆ. ಅಲ್ಲಿ ಮನೆ ಸಿಗಲೆಂದು ಮಿಸ್ ಅರ್ನೆಸ್ಟೀನ್ ಹೆಸರು ಬರೆಸಿ ವರ್ಷಗಳೇ ಆಗಿದ್ದವು. ಊರಿನಿಂದ ಕಾಲು ತೆಗೆದರೆ ಹೆಸರು ಹೊಡೆದುಹಾಕುತ್ತಾರೆ. ಮನೆ ಸಿಕ್ಕರೆ ನೋಡಿಕೊಳ್ಳುವ ಮಗಳೂ ಜೊತೆಗಿರಬಹುದು. ಅಲ್ಲಿಯವರೆಗೆ ಎಲ್ಲಾದರೂ ಉಸಿರು ಬಿಗಿಹಿಡಿದು ಇರಬೇಕಿತ್ತು, ಅಷ್ಟೆ.

"ಈ ಜಾಗದಲ್ಲಿ ಮುಂಚೆ ಚಪ್ಪಲಿ ಇಡ್ತಿದ್ರು," ಎಂದು ಮಿಸ್ ಅರ್ನೆಸ್ಟೀನ್ ಹೇಳುತ್ತಿದ್ದರು. "ನನ್ನ ಮದುವೆ ಚಪ್ಪಲಿ ಇಲ್ಲೇ ಕೊಂಡಿದ್ದು. ಆವಾಗ ಹಾಕಿ ನೋಡೋಕೆ ಕೂತ್ಕೊಂಡಿದ್ದೆ. ಇನ್ನೂ ಎದ್ದಿಲ್ಲ ನೋಡು."

ಖಾನೆಗಳ ಗೋಡೆ ಸೂರಿನವರೆಗೆ ಹೋಗುವುದಿಲ್ಲ. ಬೆಂಕಿ ಬಿದ್ದರೆ ನೀರು ಎಲ್ಲ ಕಡೆ ಹರಡಬೇಕೆಂದು ಮೇಲ್ಗಡೆ ತಂತಿಯ ಬಲೆ ಅಷ್ಟೆ. ಹಾಗಾಗಿ ಒಂದು ಖಾನೆಯ ಕೆಮ್ಮು ಸಾಲಿಗೆಲ್ಲ ಕೇಳುತ್ತದೆ. ಒಳಗೆ ದೀಪವಿಲ್ಲ. ಓಣಿಯ ದೀಪಗಳು ಯಾರಾದರೂ ನಡೆದಾಗ ತಾವೇ ಹೊತ್ತಿಕೊಳ್ಳುತ್ತವೆ, ನಡೆದವರು ಹೋದ ಸ್ವಲ್ಪ ಹೊತ್ತಿಗೆ ತಾವೇ ಆರುತ್ತವೆ. ಬಲೆಯ ಮೂಲಕ ಖಾನೆಯೊಳಗೆ ಬೀಳುವುದು ಅದೇ ಬೆಳಕು. ಲವಾನ್ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಲೇಬೇಕು. ಬೀಗವಿಲ್ಲದ ಶಟರ್ ಕಂಡರೆ ಮ್ಯಾನೇಜರ್ ಗಾರ್ಲಂಡ್ ಎತ್ತಿ ನೋಡುತ್ತಾನೆ. ಪ್ರತಿ ಸಂಜೆ, ಲವಾನ್ ಮರಳುವ ಮೊದಲು, ಅವನು ಒಂದೊಂದು ಬೀಗವನ್ನೂ ಮುಟ್ಟಿ ಮುಟ್ಟಿ ಸಾಗುತ್ತಿದ್ದ.

ಹಾಗಾಗಿ ಲವಾನ್ ಅಮ್ಮನಿಗೆ ಒಂದು ಪಾಠ ಕಲಿಸಿದಳು. ನಾನಿದ್ದಾಗಲೇ ಎಷ್ಟೋ ಸಲ ಒಪ್ಪಿಸಿಕೊಂಡಿದ್ದಾಳೆ, ಕತ್ತಲಲ್ಲಿ, ಪಿಸುದನಿಯಲ್ಲಿ.

"ಬೆಳಕು ಬಂತು ಅಂದ್ರೆ?"

"ಯಾರೋ ಬಂದ್ರು."

"ಯಾರೋ ಬಂದ್ರು ಅಂದ್ರೆ ನೀನು ಯಾರು?"

"ಸೋಫಾ."

"ಎಂಥ ಸೋಫಾ?"

"ಬಾಯಿಲ್ಲದ ಸೋಫಾ."

"ಹೆಸರು ಹಿಡಿದು ಕರೆದ್ರೆ?"

"ಸೋಫಾಗೆ ಯಾರೇ ನಾಮಕರಣ ಮಾಡ್ತಾರೆ?"

"ನಾನೇ ಕರೆದ್ರೆ?"

"ನೀನು ಕರೆದ್ರೆ ಓಗೊಡ್ತೀನಿ. ಹೆತ್ತಿಲ್ವಾ ನಿನ್ನ?"

"ಕೊಡಬಾರದು ಅಮ್ಮ! ನನ್ನ ದನಿ ಕೇಳಿದ್ರೂ ಕೊಡಬಾರದು. ನನ್ನ ಪಕ್ಕ ಯಾರು ನಿಂತಿರ್ತಾರೋ ಏನೋ. ದೀಪ ಆರ್ಲಿ, ಆಮೇಲೆ ಮಾತು. ಬೆಳಕಿದ್ದಾಗ ಸೋಫಾ, ಕತ್ತಲಾದ್ಮೇಲೆ ಮನುಷ್ಯಳು. ಇನ್ನೊಂದ್ಸಲ ಹೇಳು."

ಮಿಸ್ ಅರ್ನೆಸ್ಟೀನ್ ಇನ್ನೊಂದು ಸಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇವಳು ಹೊಸದೇನೂ ಕಲಿಸ್ತಿಲ್ಲ ಕಣೇ ಇಮೆಲ್ಡಾ," ಎಂದರು. "ಲೂಯಿಸಿಯಾನಾದಲ್ಲಿ ನನ್ನಮ್ಮನೂ ಇದನ್ನೇ ಹೇಳಿಕೊಟ್ಟಿದ್ಳು. ಕತ್ತಲಾದ್ಮೇಲೆ ರಸ್ತೇಲಿ ಕಾರಿನ ಬೆಳಕು ಕಂಡ್ರೆ ಹುಲ್ಲೊಳಗೆ ಕೂತ್ಕೊ, ಉಸಿರು ಬಿಡಬೇಡ, ಬಿಳಿಯರು ನಗ್ತಾ ಕರೆದ್ರೂ ಎದ್ದೇಳಬೇಡ ಅಂತ. ನಮ್ಮಣ್ಣ ಒಂದ್ಸಲ ಎದ್ದ."

ಅಣ್ಣನಿಗೆ ಏನಾಯಿತೆಂದು ನಾನು ಕೇಳಲಿಲ್ಲ.

ಅವರಿಗೆ ಮರೆವು ಶುರುವಾಗಿತ್ತು. ಒಂದೊಂದು ದಿನ ಲವಾನ್‌ಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು, ಒಂದೊಂದು ದಿನ ಊಟವಾಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈ ಪಾಠ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಇಬ್ಬರು ತಾಯಂದಿರು ಕಲಿಸಿದ ಪಾಠ ಅದು, ಒಬ್ಬಳು ಅವರನ್ನು ಹೆತ್ತವಳು, ಒಬ್ಬಳು ಅವರೇ ಹೆತ್ತವಳು.

ಗಾರ್ಲಂಡನಿಗೆ ಗೊತ್ತಿತ್ತೇ? ಸಂಜೆ ಬೀಗಗಳನ್ನು ಮುಟ್ಟಿ ಮುಗಿಸಿ ಬಾಗಿಲಲ್ಲಿ ನಿಂತು ಖಾಲಿ ಓಣಿಗೆ, "ಚೆನ್ನಾಗಿ ನಿದ್ದೆ ಮಾಡಿ ಸೋಫಾಗಳಿರಾ, ಕನಸು ಬೀಳ್ಲಿ ಮಂಚಗಳಿರಾ," ಎಂದು ಕೂಗಿ ನಕ್ಕು ಹೋಗುತ್ತಿದ್ದ. ಗೊತ್ತಿಲ್ಲದವನು ಹಾಗೆ ಕೂಗುತ್ತಾನೆಯೇ? ಬಾಡಿಗೆ ಬರುತ್ತಿರುವಷ್ಟು ದಿನ ಅವನಿಗೆ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳಿ.

ಆ ವಸಂತದಲ್ಲಿ ಅಗ್ನಿಶಾಮಕ ದಳದ ಕ್ಯಾಪ್ಟನ್ ರೀವ್ಸ್ ತಪಾಸಣೆಗೆ ಬಂದ. ಕೈಯಲ್ಲಿ ಉದ್ದನೆಯ ಟಾರ್ಚು, ಅಳತೆಯ ಕೋಲು. ಹಿಂದೆ ಏಣಿ ಹೊತ್ತುಕೊಂಡು ಗಾರ್ಲಂಡ್. ನಾನು ಶಟರ್ ಎತ್ತಿ ದೀಪಗಳ ಧೂಳು ಒರೆಸುತ್ತಿದ್ದೆ.

"ಈ ಸಾಲಿನೋರೆಲ್ಲ ಚಿನ್ನದಂಥೋರು ಕ್ಯಾಪ್ಟನ್," ಎಂದ ಗಾರ್ಲಂಡ್. "ಈ ಇಮೆಲ್ಡಾ ಒಬ್ಬಳನ್ನ ಬಿಟ್ಟು. ಇವಳ ಖಾನೆಗೆ ಗಿರಾಕಿ ಒಬ್ಬ ನುಗ್ಗಿದ್ದ, ಇನ್ನೂ ದಾರಿ ಸಿಕ್ಕಿಲ್ಲ."

"ನಿನ್ನ ಮದುವೆ ಸೂಟೂ ಇಲ್ಲೇ ಇದೆ ಗಾರ್ಲಂಡ್. ಹೆಂಡ್ತಿ ಹಾಗೆ ಅದೂ ನಿನ್ನ ಕಡೆ ತಿರುಗಿ ನೋಡ್ತಿಲ್ಲ."

ಕ್ಯಾಪ್ಟನ್ ನಕ್ಕ. ಒಳ್ಳೆಯ ನಗು. ಒಳ್ಳೆಯ ಮನುಷ್ಯನೇ, ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಿ ನಾನು ಸುಸ್ತಾಗಿದ್ದೇನೆ. ಲವಾನ್‌ಳ ಶಟರಿನ ಮುಂದೆ ಏಣಿ ಹಾಕಿಸಿ ಮೇಲೇರಿ ಬಲೆಯ ಮೂಲಕ ಟಾರ್ಚು ಬಿಟ್ಟ.

"ಇಲ್ಲಿ ಪೆಟ್ಟಿಗೆ ತುಂಬಾ ಎತ್ತರಕ್ಕೆ ಪೇರಿಸಿದಾರೆ. ನೀರಿನ ಮೂತಿಗೂ ಸಾಮಾನಿಗೂ ಮಧ್ಯೆ ಒಂದೂವರೆ ಅಡಿ ಖಾಲಿ ಇರ್ಲೇಬೇಕು. ಇಲ್ದಿದ್ರೆ ನೀರು ಹರಡೋದು ಹ್ಯಾಗೆ? ಇಳಿಸೋಕೆ ಹೇಳಿ."

"ಇವತ್ತೇ ಹೇಳ್ತೀನಿ."

ಟಾರ್ಚಿನ ಬೆಳಕು ಕೆಳಗಿಳಿಯಿತು. ನಿಂತಿತು.

"ಅದೇನದು, ಮೂಲೇಲಿ? ಬೆಡ್‌ಶೀಟ್ ಹೊದಿಸಿರೋದು?"

ನಾನು ದೀಪದ ಗಾಜು ಒರೆಸುತ್ತಲೇ ಇದ್ದೆ. "ಅವಳಮ್ಮನ ಕುರ್ಚಿ ಕ್ಯಾಪ್ಟನ್," ಎಂದೆ. "ಹಳೇ ಕಾಲದ್ದು."

ಬೆಳಕು ಇನ್ನೂ ಅಲ್ಲೇ ಇತ್ತು. ಬೆಡ್‌ಶೀಟಿನ ಕೆಳಗೆ ಒಂದು ಜೀವ ಆ ಬೆಳಕನ್ನು ಬಟ್ಟೆಯ ಮೂಲಕ ನೋಡುತ್ತಾ ಉಸಿರು ಹಿಡಿದು ಕೂತಿದೆ ಎಂದು ಆ ಓಣಿಯಲ್ಲಿ ಗೊತ್ತಿದ್ದವಳು ನಾನೊಬ್ಬಳು. ಅಥವಾ ನಾವಿಬ್ಬರು, ಗಾರ್ಲಂಡ್ ತನ್ನ ಬೂಟನ್ನೇ ನೋಡುತ್ತಿದ್ದ.

"ಅಮ್ಮನ ಕುರ್ಚಿ ಎಸೆಯೋಕೆ ಮನಸ್ಸು ಬರಲ್ಲ ಬಿಡಿ," ಎಂದ ಕ್ಯಾಪ್ಟನ್, ಏಣಿ ಇಳಿಯುತ್ತಾ. "ನಮ್ಮನೇಲೂ ಒಂದಿದೆ. ಯಾರೂ ಕೂರಲ್ಲ, ಯಾರೂ ತೆಗೆಯಲ್ಲ."

ಶಟರಿಗೆ ಕೆಂಪು ಚೀಟಿ ಅಂಟಿಸಿ ಮುಂದೆ ಹೋದರು.

ಆ ಸಂಜೆ ಲವಾನ್ ಬಂದಾಗ ನಾನೂ ಅವರ ಖಾನೆಯೊಳಗೆ ಹೋಗಿ ಕೂತೆ. ಶಟರ್ ಇಳಿಸಿ, ಅಲ್ಲಾಡದೆ ಓಣಿಯ ದೀಪ ಆರುವುದನ್ನು ಕಾದೆವು. ಆರಿತು. ಆರಿದ ಕೂಡಲೇ ಕತ್ತಲಲ್ಲಿ ಒಂದು ನಗು ಉಕ್ಕಿತು, ಅಂಗೈ ಅಡ್ಡ ಹಿಡಿದು ನಗುವ ಹುಡುಗಿಯ ನಗು.

"ಪಾಸಾದೆ ಕಣೇ! ಮೂಗಿನ ಮೇಲೆ ಟಾರ್ಚು ಬಿಟ್ಟ. ಮೂಗು ಕಡೀತಿತ್ತು. ಸೋಫಾ ಯಾವತ್ತಾದ್ರೂ ಮೂಗು ಕೆರ್ಕೊಳ್ಳುತ್ತಾ? ಕೆರ್ಕೊಳ್ಳಲಿಲ್ಲ!"

"ನಿನ್ನಂಥ ಸೋಫಾ ಈ ಊರಲ್ಲೇ ಇಲ್ಲ ಅಮ್ಮ," ಎಂದು ಲವಾನ್ ಅವರ ಕೈಗೆ ತಣ್ಣಗಾದ ಕರಿದ ಕೋಳಿಯ ತುಂಡು ಕೊಟ್ಟಳು. ನಾನು ನಮ್ಮ ಕಡೆಯ ಜೋಳದ ಹಿಟ್ಟಿನ ಕಡುಬು, ತಮಾಲೆ, ತಂದಿದ್ದೆ. ಲವಾನ್ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಮ್ಯಾಗ್ನೋಲಿಯಾ ಕೋರ್ಟಿನಲ್ಲಿ ಮನೆಯೊಂದು ಖಾಲಿಯಾಗುತ್ತಿದೆ, ಮುಂದಿನ ಹೆಸರು ಮಿಸ್ ಅರ್ನೆಸ್ಟೀನರದು. ಕೌಂಟಿಯ ಹೆಂಗಸೊಬ್ಬಳು ಎದುರು ಕೂತು ಕೇಳುತ್ತಾಳೆ: ನಿಮ್ಮ ಹೆಸರೇನು, ಎಲ್ಲಿರಲು ಇಷ್ಟ, ಯಾರ ಜೊತೆ ಇರಲು ಇಷ್ಟ. ಉತ್ತರ ಅವರ ಬಾಯಿಂದಲೇ ಬರಬೇಕು. ಮಗಳು ಹೇಳಿದರೆ ನಡೆಯದು.

"ಆವಾಗ ಮಾತ್ರ ಸೋಫಾ ಆಗ್ಬಿಡ್ಬೇಡಿ ಮಿಸ್ ಅರ್ನೆಸ್ಟೀನ್," ಎಂದೆ.

"ಆ ಮನೆಗೆ ಕಿಟಕಿ ಇದೆಯೇನೇ ಲವಾನ್?"

"ಎರಡಿದೆ."

"ಎರಡಾ! ಹಾಗಾದ್ರೆ ಹೆಸರಷ್ಟೇ ಯಾಕೆ, ಹಾಡೇ ಹಾಡ್ತೀನಿ ಅವಳಿಗೆ."

ಮರುದಿನ ಲವಾನ್ ಕಾನೂನಿಗೆ ತಲೆಬಾಗಿ ಮೇಲಿನ ಪೆಟ್ಟಿಗೆಗಳನ್ನು ಇಳಿಸಿದಳು. ಮರೆ ಕಡಿಮೆಯಾದ್ದರಿಂದ ಅಮ್ಮ ಇನ್ನು ಬೆಡ್‌ಶೀಟಿನಡಿಯೇ ಕೂರಬೇಕಾಯಿತು.

ಬೆಂಕಿ ಬಿದ್ದದ್ದು ಶನಿವಾರ. ನಾನು ಸಂತೆಯಲ್ಲಿದ್ದೆ, ಲವಾನ್ ಕಾರ್ಖಾನೆಯಲ್ಲಿದ್ದಳು. ನಮ್ಮ ಸಾಲಿನ ತುದಿಯ ಖಾನೆಯಲ್ಲಿ ಯಾರೋ ಇಟ್ಟಿದ್ದ ಸ್ಕೂಟರಿನ ಬ್ಯಾಟರಿ ತಾನೇ ಕಾದು ಸಿಡಿದಿತ್ತು. ಮೇಲಿನ ಮೂತಿ ಒಡೆದು ನೀರು ಸುರಿಯಿತು. ಕಾನೂನು ಹೇಗೆ ಹೇಳಿತ್ತೋ ಹಾಗೇ ಎಲ್ಲ ನಡೆಯಿತು. ಬೆಂಕಿ ಪಕ್ಕದ ಖಾನೆಗೂ ಹೋಗಲಿಲ್ಲ. ಹೊಗೆಗೆ ಮಾತ್ರ ತಂತಿಯ ಬಲೆ ಅಡ್ಡವಲ್ಲ. ಅದು ಗೋಡೆಗಳ ಮೇಲಿಂದ ಖಾನೆಯಿಂದ ಖಾನೆಗೆ ನೆಂಟರ ಮನೆಗೆ ಹೋದಂತೆ ಹೋಯಿತು.

ಗಾರ್ಲಂಡ್ ಬಾಡಿಗೆದಾರರೆಲ್ಲರ ಫೋನಿಗೆ ಸಂದೇಶ ಕಳಿಸಿದ: ಸಣ್ಣ ಬೆಂಕಿ, ಆರಿದೆ, ನಿಮ್ಮ ಸಾಮಾನು ಕ್ಷೇಮ, ದಯವಿಟ್ಟು ಯಾರೂ ಬರಬೇಡಿ.

ನಾನು ಹೋಗುವಷ್ಟರಲ್ಲಿ ಲವಾನ್ ಅಲ್ಲಿದ್ದಳು. ತಲೆಗೆ ಕಾರ್ಖಾನೆಯ ಬಲೆ ಟೋಪಿ, ಮೊಣಕೈವರೆಗೆ ಹಿಟ್ಟು. ಹಳದಿ ಪಟ್ಟಿಯ ಆಚೆ ಹೋಗದಂತೆ ಇಬ್ಬರು ಅವಳನ್ನು ಹಿಡಿದುಕೊಂಡಿದ್ದರು.

"ಒಳಗೆ ಯಾರೂ ಇಲ್ಲಮ್ಮ," ಎನ್ನುತ್ತಿದ್ದ ಕ್ಯಾಪ್ಟನ್ ರೀವ್ಸ್. "ಒಂದೊಂದು ಸಾಲೂ ನಾನೇ ಕೂಗ್ಕೊಂಡು ಹೋಗಿದೀನಿ. ಎಲ್ಲಾ ಬೀಗಾನೂ ಹೊರಗಡೆಯಿಂದ ಹಾಕಿದೆ."

"ಆ ಬೀಗ ಹಾಕಿದೋಳು ನಾನು! ಒಳಗೆ ನಮ್ಮಮ್ಮ ಇದಾಳೆ!"

ಕ್ಯಾಪ್ಟನ್‌ನ ಮುಖದಲ್ಲಿ ಆಗ ಏನು ಸರಿಯಿತೋ ಅದನ್ನು ಬರೆಯುವ ಮಾತು ನನ್ನಲ್ಲಿಲ್ಲ. ಅವನು ಓಡಿದ. ಬೀಗ ಕತ್ತರಿಸುವ ಸದ್ದು ಹೊರಗಿನವರೆಗೂ ಕೇಳಿಸಿತು.

ಮಿಸ್ ಅರ್ನೆಸ್ಟೀನ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಬೆಡ್‌ಶೀಟಿನಡಿ. ಕೆಮ್ಮು ಹೊರಗೆ ಬಾರದಿರಲೆಂದು ಬೆಡ್‌ಶೀಟಿನ ಚುಂಗನ್ನು ಬಾಯಿಗೆ ತುರುಕಿಕೊಂಡಿದ್ದರು. ಅದನ್ನು ಎಳೆದು ತೆಗೆದಾಗ ಮಸಿ ಬಂತು, ಜೊಲ್ಲು ಬಂತು. ಮಾತು ಬರಲಿಲ್ಲ. ಉಸಿರಿತ್ತು.

ಸ್ಟ್ರೆಚರಿನಲ್ಲಿ ಹೊರಗೆ ತಂದಾಗ ಕ್ಯಾಪ್ಟನ್ ಅವರ ಪಕ್ಕ ಮಂಡಿಯೂರಿದ. "ಮೂರು ಸಲ ಕೂಗಿದೆನಲ್ಲಜ್ಜಿ," ಎಂದ. "ನಿಮ್ಮ ಶಟರಿನ ಮುಂದೇನೇ ನಿಂತು ಕೂಗಿದೆ. ಒಂದು ಕೆಮ್ಮು ಕೆಮ್ಮಿದ್ರೂ ಸಾಕಿತ್ತು. ಯಾಕಜ್ಜಿ?" ಅವನ ಕಣ್ಣಲ್ಲಿ ನೀರಿತ್ತು. ಅಜ್ಜಿ ಅವನ ಟೋಪಿಯ ದೀಪವನ್ನೇ ನೋಡುತ್ತಿದ್ದರು.

"ಅಮ್ಮಾ! ನಾನು, ಲವಾನ್!"

ಕಣಿವೆಯ ನಡುಹಗಲ ಬಿಸಿಲು. ಗಾಡಿಗಳ ಕೆಂಪು ದೀಪಗಳು ಬೇರೆ ಗಿರಗಿರ ಸುತ್ತುತ್ತಿದ್ದವು. ಇಷ್ಟು ಬೆಳಕಿನಲ್ಲಿ, ಇಷ್ಟು ಜನರ ನಡುವೆ, ಮಗಳ ದನಿಯನ್ನೂ ನಂಬಬಾರದೆಂಬ ಪಾಠವನ್ನು ಮಿಸ್ ಅರ್ನೆಸ್ಟೀನ್ ಮರೆಯಲಿಲ್ಲ. ಮಗಳ ಮುಖವನ್ನು ನೋಡಿದರು, ಗೋಡೆಯನ್ನು ನೋಡಿದಂತೆ.

ಮುದುಕಿಯನ್ನು ಹೊರಗಿನಿಂದ ಬೀಗ ಹಾಕಿ ಕೂಡಿಟ್ಟ ಅಪರಾಧಕ್ಕೆ ಅಲ್ಲೇ ಲವಾನ್‌ಳ ಕೈಗೆ ಬೇಡಿ ಬಿತ್ತು. ಬೇಡಿಯ ಮೇಲೆ ಹಿಟ್ಟು ಮೆತ್ತಿತು. ಮನೆಯಿಂದ ಹೊರಗೆ ಹಾಕಿ ಬೀಗ ಜಡಿಯುವುದು ಅಪರಾಧವಲ್ಲ, ಅದಕ್ಕೆ ಪೊಲೀಸರೇ ಕಾವಲು ಬರುತ್ತಾರೆ. ಒಳಗಿಟ್ಟು ಬೀಗ ಜಡಿದರೆ ಮಾತ್ರ ಅಪರಾಧ.

"ನಂಗೆ ಸುಳಿವೇ ಇರ್ಲಿಲ್ಲ," ಎಂದು ಗಾರ್ಲಂಡ್ ಎದೆ ಮುಟ್ಟಿಕೊಂಡು ಹೇಳುತ್ತಿದ್ದ. "ಈ ಜನ ಎಂಥೋರು ನೋಡಿ! ಹೆತ್ತ ತಾಯೀನ!"

"ಇವತ್ತು ಸಂಜೆ ಯಾವ ಸೋಫಾಗೆ ಲಾಲಿ ಹಾಡ್ತೀಯೋ?" ಎಂದೆ.

ಅವನು ಹಳದಿ ಪಟ್ಟಿ ಎತ್ತಿ ಒಳಗೆ ಹೋದ.

ಲವಾನ್‌ಳನ್ನು ಬಿಟ್ಟರು, ಆದರೆ ಅಮ್ಮನ ಹತ್ತಿರ ಸುಳಿಯಬಾರದು, ಯಾರ ಕೈಯಲ್ಲೂ ಹೇಳಿಕಳಿಸಬಾರದು ಎಂದು ನ್ಯಾಯಾಲಯ ಅಪ್ಪಣೆ ಮಾಡಿತು. ಬಂಧುವಲ್ಲದ ಕಾರಣ ನನ್ನನ್ನೂ ಆಸ್ಪತ್ರೆಯ ಬಾಗಿಲಲ್ಲೇ ತಡೆದರು. ಮ್ಯಾಗ್ನೋಲಿಯಾ ಕೋರ್ಟಿನ ಮನೆ ಖಾಲಿಯಾಗಿತ್ತು. ಆ ಪ್ರಶ್ನೆಗಳನ್ನು ಕೇಳಬೇಕಾದ ಕೌಂಟಿಯ ಹೆಂಗಸು, ಮಿಸ್ ಪ್ರೆಂಟಿಸ್, ಪ್ರಶ್ನೆಗಳನ್ನು ಹೊತ್ತುಕೊಂಡು ಆಸ್ಪತ್ರೆಗೇ ಹೋದಳು. ಅವಳೂ ಒಳ್ಳೆಯವಳೇ. ಒಂದು ಸಲ ಕೇಳಿ ಕೈಬಿಡಲಿಲ್ಲ, ಮತ್ತೆ ಮತ್ತೆ ಹೋದಳು. ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು, ಕೇಳಿದಳು. ಆಸ್ಪತ್ರೆಯ ಕೋಣೆಯಲ್ಲಿ ಬೆಳಕು ಯಾವಾಗಲೂ ಇರುತ್ತದೆ.

ಲವಾನ್ ನನ್ನನ್ನು ಕರೆದುಕೊಂಡು ಅವಳ ಆಫೀಸಿಗೆ ಹೋದಳು.

"ನಿಮ್ಮ ತಾಯಿ ಒಂದು ಮಾತೂ ಆಡ್ತಿಲ್ಲ," ಎಂದಳು ಮಿಸ್ ಪ್ರೆಂಟಿಸ್. "ಗಂಟಲಿಗೆ ಏನೂ ಆಗಿಲ್ಲ ಅಂತಾರೆ ಡಾಕ್ಟ್ರು. ಬುದ್ಧಿಗೇ ಪೆಟ್ಟಾಗಿದೆಯೇನೋ ಅಂತ."

"ಬುದ್ಧಿ ಸರಿಯಾಗಿದೆ ಮೇಡಂ. ದೀಪ ಆರಿಸಿ ಕೇಳಿ."

"ಏನಂದ್ರಿ?"

"ಕೋಣೆ ದೀಪ ಎಲ್ಲಾ ಆರಿಸ್ಬಿಡಿ. ಕರ್ಟನ್ ಎಳೀರಿ. ಅಲ್ಲಾಡ್ದೆ ಒಂದು ಗಳಿಗೆ ಕೂತ್ಕೊಳ್ಳಿ. ಆಮೇಲೆ ಕೇಳಿ. ಅಮ್ಮ ಮಾತಾಡ್ತಾಳೆ. ಬೆಳಕಿದ್ರೆ ಮಾತಾಡಬಾರದು ಅಂತ ನಾನೇ ಹೇಳಿದ್ದೆ."

ಮಿಸ್ ಪ್ರೆಂಟಿಸ್ ಪೆನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಜಗಳವಾದರೂ ಆಡಬಹುದಿತ್ತು. "ಮಿಸ್ ಟಾಲಿವರ್, ತಿಂಗಳಾನುಗಟ್ಟಲೆ ಆಕೇನ ಕತ್ತಲಲ್ಲಿ ಕೂರಿಸಿದ್ರಿ. ಈಗ ನಾವೂ ಕತ್ತಲಲ್ಲಿ ಕೂರಿಸಬೇಕು ಅಂತೀರಾ?"

"ಒಂದೇ ಒಂದ್ಸಲ ಮೇಡಂ!" ಎಂದೆ ನಾನು. "ನಿಮ್ಮದೇನು ಹೋಗುತ್ತೆ?"

"ಅದು ನನ್ನ ಕೈಲೂ ಇಲ್ಲ. ರೋಗಿ ಇರೋ ಕೋಣೇನ ಪೂರ್ತಿ ಕತ್ತಲು ಮಾಡೋ ಹಾಗಿಲ್ಲ. ಬಾಗಿಲಿಗೆ ಹೋಗೋ ದಾರಿ ಸದಾ ಕಾಣ್ತಾ ಇರಬೇಕು. ಬೆಂಕಿ ಕಾನೂನು."

ಲವಾನ್ ನಕ್ಕಳು. ಆ ನಗುವನ್ನೂ ಮಿಸ್ ಪ್ರೆಂಟಿಸ್ ಬರೆದುಕೊಂಡಿರಬೇಕು, ಏಕೆಂದರೆ ನ್ಯಾಯಾಧೀಶರ ಮುಂದೆ ಅದು ಬಂತು: ಮಗಳಿಗೆ ಪಶ್ಚಾತ್ತಾಪವಿಲ್ಲ, ತಾಯಿಯನ್ನು ಮತ್ತೆ ಕತ್ತಲಲ್ಲಿಡಿ ಎನ್ನುತ್ತಾಳೆ. ತಾಯಿಯೋ, ತನ್ನ ಹೆಸರನ್ನೇ ಹೇಳಲಾರಳು. ಹೆಸರು ಹೇಳಲಾರದವಳಿಗೆ ಮನೆ ಯಾವ ಹೆಸರಿನಲ್ಲಿ ಕೊಡುವುದು? ಕೌಂಟಿಯೇ ಅವಳಿಗೆ ಪೋಷಕನಾಯಿತು. ಎರಡು ಕಿಟಕಿಯ ಮನೆ ಮುಂದಿನ ಹೆಸರಿಗೆ ಹೋಯಿತು. ಅವರೂ ಪಾಪ, ಎಷ್ಟು ವರ್ಷದಿಂದ ಕಾದಿದ್ದರೋ. ನಮ್ಮ ಬಾಯಿಯ ತುತ್ತನ್ನು ಯಾರ ಬಾಯಿಗೆ ಹಾಕಿದರೂ ಅದು ಹಸಿದ ಬಾಯಿಯೇ ಆಗಿರುವಂತೆ ನೋಡಿಕೊಂಡಿದ್ದಾರೆ. ಜಗಳವಾಡುವುದಾದರೆ ನಾವು ನಾವೇ ಆಡಬೇಕು.

ಸ್ಟೋರೇಜಿನ ಕಂಪನಿ ತನ್ನ ಕೊಳವೆಗಳು ಕೆಲಸ ಮಾಡಿದ್ದಕ್ಕೆ ಹೆಮ್ಮೆಪಟ್ಟಿತು. ಒಬ್ಬ ಬಾಡಿಗೆದಾರನ ಸೋಫಾಗೂ ಹಾನಿಯಾಗಿಲ್ಲ ಎಂದು ಹೇಳಿಕೆ ಕೊಟ್ಟಿತು. ಒಂದೊಂದು ಸಾಲಿಗೂ ಹೊಸ ಬೋರ್ಡು ಬಂತು, ಮೂರು ಭಾಷೆಯಲ್ಲಿ: ಒಳಗೆ ವಾಸ ಮಾಡಬಾರದು. ಮೂರನೆಯದು ನನ್ನ ಭಾಷೆ. ಅದರಲ್ಲಿ ಕಾಗುಣಿತ ತಪ್ಪಿತ್ತು, ಅರ್ಥ ತಪ್ಪಿರಲಿಲ್ಲ.

ಮಿಸ್ ಅರ್ನೆಸ್ಟೀನರನ್ನು ಬೇರೆ ಊರಿನ ಆರೈಕೆ ಮನೆಗೆ ಸಾಗಿಸಿದರು. ಎಲ್ಲ ಮುಗಿದಿದ್ದರಿಂದ ಈಗ ನಾನು ಹೋಗಿ ನೋಡಬಹುದೆಂದು ಪೋಷಕ ಕೌಂಟಿಯಿಂದ ಅಪ್ಪಣೆಯಾಯಿತು. ಲವಾನ್‌ಳಿಗೆ ಆಗಲಿಲ್ಲ. ಅವಳು ಅಮ್ಮನೇ ಹೊಲಿದ ಕೌದಿಯನ್ನು ನನ್ನ ಕೈಗೆ ಕೊಟ್ಟು, ಏನನ್ನೋ ಹೇಳಲು ಬಾಯಿ ತೆರೆದು, ಹೇಳಿಕಳಿಸುವಂತಿಲ್ಲವೆಂದು ನೆ‌ನಪಾಗಿ, ಮುಚ್ಚಿಕೊಂಡಳು.

ಕೌದಿಯನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ಬೆಂಕಿ ಹಿಡಿಯದ ಬಟ್ಟೆಗೆ ಮಾತ್ರ ಒಳಗೆ ಪ್ರವೇಶವಂತೆ.

ಕೋಣೆ ಶುಭ್ರವಾಗಿತ್ತು. ಬಿಳಿ ಗೋಡೆ, ಸೂರಿನಲ್ಲಿ ಬಿಳಿ ಟ್ಯೂಬು, ಹಾಸಿಗೆಯ ನೇರಕ್ಕೆ ಮೇಲೆ ಅದೇ ಗಾಜಿನ ಮೂತಿ. ಬಾಗಿಲು ತೆರೆದೇ ಇತ್ತು. ಮಿಸ್ ಅರ್ನೆಸ್ಟೀನ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಅಂಗೈ ಎರಡೂ ಕುರ್ಚಿಯ ಕೈಗಳ ಮೇಲೆ. ತುಂಬಾ ಇಳಿದುಹೋಗಿದ್ದರು.

"ಮಿಸ್ ಅರ್ನೆಸ್ಟೀನ್, ನಾನು ಇಮೆಲ್ಡಾ."

ಕಣ್ಣು ನನ್ನ ಮೇಲೆ ಹಾದು ಟ್ಯೂಬಿನ ಮೇಲೆ ನಿಂತಿತು.

"ಹೀಗೇ, ಯಾವಾಗ್ಲೂ," ಎಂದಳು ಆರೈಕೆಯ ಹುಡುಗಿ, ಬಾಗಿಲಿಂದ. "ಚೂರೂ ತೊಂದರೆ ಕೊಡಲ್ಲ. ಇಂಥೋರು ಹತ್ತು ಜನ ಇದ್ರೆ ನಮ್ಮ ಕೆಲಸ ಎಷ್ಟು ಹಗುರ!" ಪಕ್ಕದ ಕೋಣೆಯಿಂದ ಯಾರೋ ಕೂಗಿದರು, ಅವಳು ಅತ್ತ ಹೋದಳು.

ನಾನು ಕೋಟು ಬಿಚ್ಚಿದೆ. ದಪ್ಪನೆಯ, ಗಂಡಸಿನ ಹಳೆಯ ಉಣ್ಣೆಯ ಕೋಟು, ಸಂತೆಯಲ್ಲಿ ಮಾರಾಟವಾಗದೆ ಉಳಿದದ್ದು. ಅವರ ಮುಂದೆ ಮಂಡಿಯೂರಿ, ಹಣೆಗೆ ಹಣೆ ತಾಗಿಸಿ, ಇಬ್ಬರ ತಲೆಯ ಮೇಲೂ ಕೋಟು ಎಳೆದುಕೊಂಡು, ಅಂಚುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಕತ್ತಲಾಯಿತು. ಅವರ ಉಸಿರಿನಲ್ಲಿ ಔಷಧಿಯ ವಾಸನೆ. ನಾನು ಅಲ್ಲಾಡಲಿಲ್ಲ.

ಬಹಳ ಹೊತ್ತಿನ ಮೇಲೆ, ಎಷ್ಟೋ ದಿನ ತೆರೆಯದ ಶಟರ್ ಎತ್ತಿದ ಹಾಗೆ, ಒಂದು ದನಿ.

"ಹೋದ್ರೇನೇ?"

"ಹೋದ್ರು, ಮಿಸ್ ಅರ್ನೆಸ್ಟೀನ್."

"ಎಲ್ಲಾರೂ?"

"ಎಲ್ಲಾರೂ ಹೋದ್ರು."

ಅವರು ಉಸಿರು ಬಿಟ್ಟರು. ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟಂತೆ. "ಎಷ್ಟು ಹೊತ್ತು ನಿಂತಿದ್ರೇ ಈ ಸಲ! ದೀಪ ಆರ್ಲೇ ಇಲ್ಲ. ಹೆಸರು ಹಿಡಿದು ಕರೆದ್ರು. ಲವಾನ್ ದನೀಲೂ ಕರೆದ್ರು ಕಣೇ, ಅಳ್ತಾ ಕರೆದ್ರು. ಎದೆ ಒಡೆದುಹೋಯ್ತು. ಆದ್ರೂ ಬಾಯಿ ಬಿಡ್ಲಿಲ್ಲ ನಾನು."

"ಹೂಂ."

"ಆಮೇಲೊಬ್ಬಳು ಬರ್ತಿದ್ಳು, ಸಕ್ಕರೆ ಮಾತಿನೋಳು. ನನ್ನ ಕೈ ಹಿಡ್ಕೊಂಡು, ಎಲ್ಲಿರೋಕೆ ಇಷ್ಟ, ಯಾರ ಜೊತೆ ಇರೋಕೆ ಇಷ್ಟ ಅಂತ. ನಾಲಿಗೆ ತುದೀಲಿತ್ತು. ನುಂಗ್ಕೊಂಡೆ." ಕತ್ತಲಲ್ಲಿ ಅದೇ ನಗು, ಅಂಗೈ ಅಡ್ಡ ಹಿಡಿದ ನಗು. "ಪಾಸಾದೆ ತಾನೇ?"

"ಪಾಸಾದ್ರಿ, ಮಿಸ್ ಅರ್ನೆಸ್ಟೀನ್."

"ಲವಾನ್‌ಗೆ ಹೇಳು, ಅವಳಮ್ಮ ಒಂದು ಸಲಾನೂ ತಪ್ಪು ಮಾಡ್ಲಿಲ್ಲ ಅಂತ." ಸುಕ್ಕುಗಟ್ಟಿದ ಬೆರಳುಗಳು ನನ್ನ ಕೆನ್ನೆಯನ್ನು ತಡವಿ ಹಿಡಿದವು. "ಈಗ ಹೇಳೇ. ಆ ಕಿಟಕಿ ಮನೆ ಬಂತಾ?"

ಕೋಟು ತಲೆಯ ಮೇಲಿಂದ ಸರ್ರನೆ ಎದ್ದುಹೋಯಿತು.

"ಏನ್ ಮಾಡ್ತಿದೀರಾ?" ಆರೈಕೆಯ ಹುಡುಗಿ ಕೋಟು ಹಿಡಿದು ನಿಂತಿದ್ದಳು. "ಉಸಿರು ಕಟ್ಟಿ ಸಾಯ್ತಾರೆ ಅಷ್ಟೇ! ಹೀಗೆಲ್ಲ ಮಾಡೋದಾದ್ರೆ ಇನ್ಮೇಲೆ ಬರ್ಬೇಡಿ."

"ಮಾತಾಡಿದ್ರು!" ಎಂದೆ. "ಈಗ, ನನ್ನ ಹತ್ರ! ಕೇಳಿ ಬೇಕಾದ್ರೆ!"

ಹುಡುಗಿ ಬಗ್ಗಿ, ಟ್ಯೂಬಿನ ಬೆಳಕಿನಲ್ಲಿ, ಪ್ರೀತಿಯಿಂದಲೇ ಕೇಳಿದಳು. "ಹೌದಾ ಅಜ್ಜಿ? ಮಾತಾಡಿದ್ರಾ? ಎಲ್ಲಿ, ನಿಮ್ಮ ಹೆಸರು ಹೇಳಿ ನೋಡೋಣ?"

ಮಿಸ್ ಅರ್ನೆಸ್ಟೀನ್ ನನ್ನ ಕೆನ್ನೆಯಿಂದ ಕೈ ತೆಗೆದು ಕುರ್ಚಿಯ ಕೈಯ ಮೇಲಿಟ್ಟರು.